ಬಟವಾಡೆಯ ಬಾಕಿ, ರಾಜಿಯ ಬೆಲೆ



ಕನ್ನಡದಲ್ಲಿ ‘ಬಟವಾಡೆ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಅಂಚೆಯವರು ಮನೆಮನೆಗೆ ಕಾಗದ ತಲುಪಿಸುವುದು ಬಟವಾಡೆ. ತೋಟದಲ್ಲಿ, ಕಾರ್ಖಾನೆಯಲ್ಲಿ ದುಡಿದವರಿಗೆ ಕೂಲಿ ಹಂಚುವುದೂ ಬಟವಾಡೆಯೇ. ಸರಕಿನ ಬಟವಾಡೆ ಹೊತ್ತಿಗೆ ಸರಿಯಾಗಿ ಆಗಿ, ಅದನ್ನು ಹೊತ್ತು ತಂದವರ ಕೂಲಿಯ ಬಟವಾಡೆ ಸರಿಯಾಗಿ ಆಗದೇ ಹೋದರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಅಮೆರಿಕದಲ್ಲಿ ಕಳೆದ ಎರಡು ದಶಕಗಳಿಂದ ಈ ಪ್ರಶ್ನೆ ನ್ಯಾಯಾಲಯಗಳ ಕಟ್ಟೆ ಹತ್ತಿದೆ. ಪಾರ್ಸೆಲ್ ವ್ಯಾನ್ ಓಡಿಸುವವರು, ಹಾಲಿನ ಲಾರಿಯವರು, ಮನೆಬಾಗಿಲಿಗೆ ಊಟ ತರುವವರು, ಎಲ್ಲರೂ ದಾವೆ ಹೂಡಿದ್ದಾರೆ. ಈ ದಾವೆಗಳಲ್ಲಿ ಪೂರ್ಣ ವಿಚಾರಣೆ ನಡೆದು ಅಂತಿಮ ತೀರ್ಪು ಬಂದವು ಕಡಿಮೆ, ರಾಜಿಯಲ್ಲಿ ಮುಗಿದವೇ ಹೆಚ್ಚು. ಕೋಟ್ಯಂತರ ಡಾಲರ್ ಕೈ ಬದಲಾಗುತ್ತದೆ, ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ ಬರುತ್ತದೆ, ಮರುದಿನ ಎಲ್ಲರೂ ಮರೆಯುತ್ತಾರೆ. ಆದರೆ ರಾಜಿಯಿಂದ ಚಾಲಕರಿಗೆ ಸಿಕ್ಕಿದ್ದೇನು, ಸಿಗದೇ ಉಳಿದದ್ದೇನು? ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು.

1938ರ ಕಾನೂನು

ಈ ಮೊಕದ್ದಮೆಗಳ ಬೇರು 1938ರಲ್ಲಿದೆ. ಮಹಾ ಆರ್ಥಿಕ ಕುಸಿತದ ನಂತರ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಕಾಲದಲ್ಲಿ ನ್ಯಾಯೋಚಿತ ದುಡಿಮೆಯ ಮಟ್ಟಗಳನ್ನು ಗೊತ್ತುಪಡಿಸುವ ಕಾಯ್ದೆ ಬಂತು. ಗಂಟೆಗೆ ಕನಿಷ್ಠ 25 ಸೆಂಟ್ ಕೂಲಿ ಕೊಡಬೇಕೆಂದು ಅದು ವಿಧಿಸಿತು. ವಾರದ ದುಡಿಮೆಗೆ ಮೊದಲು 44 ಗಂಟೆಗಳ ಮಿತಿ ಇತ್ತು. 1940ರ ಹೊತ್ತಿಗೆ ಅದು 40ಕ್ಕೆ ಇಳಿಯಿತು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಒಂದೂವರೆ ಪಟ್ಟು ದರದಲ್ಲಿ ಓವರ್‌ಟೈಮ್ ಕೊಡಬೇಕು. ನಮ್ಮ ಕಾರ್ಖಾನೆಗಳಲ್ಲಿ ‘ಓಟಿ’ ಎನ್ನುವುದು ಇದನ್ನೇ.

ಕಾಯ್ದೆಗೆ ಹಲ್ಲೂ ಇತ್ತು. ಕೂಲಿ ಬಾಕಿ ಉಳಿಸಿಕೊಂಡ ಮಾಲೀಕ ಬಾಕಿಯನ್ನಷ್ಟೇ ಅಲ್ಲ, ಅಷ್ಟೇ ಮೊತ್ತವನ್ನು ಪರಿಹಾರವಾಗಿಯೂ ಕೊಡಬೇಕು. ತಾನು ಸದ್ಭಾವನೆಯಿಂದ ನಡೆದುಕೊಂಡೆ ಎಂದು ಸಾಬೀತು ಮಾಡಿದರೆ ಮಾತ್ರ ಇದರಿಂದ ವಿನಾಯಿತಿ ಸಿಗಬಹುದು. ನೌಕರ ಗೆದ್ದರೆ ಅವನ ವಕೀಲರ ಶುಲ್ಕವೂ ಮಾಲೀಕನ ತಲೆಯ ಮೇಲೆ. ಆದರೆ ಕಾಲದ ಗಡಿ ಬಿಗಿಯಾಗಿದೆ. ಸಾಮಾನ್ಯವಾಗಿ 2 ವರ್ಷಗಳ ಬಾಕಿಯನ್ನು ಕೇಳಬಹುದು, ಮಾಲೀಕ ಬೇಕೆಂದೇ ಕಾನೂನು ಮುರಿದಿದ್ದರೆ 3 ವರ್ಷಗಳದ್ದು. ಅದಕ್ಕೂ ಹಿಂದಿನದು ಹೋದ ಹಾಗೆ. ರಾಜ್ಯಗಳಿಗೆ ತಮ್ಮದೇ ಕೂಲಿ ಕಾನೂನುಗಳೂ ಇವೆ. ಕ್ಯಾಲಿಫೋರ್ನಿಯದಂತಹ ರಾಜ್ಯಗಳಲ್ಲಿ ಅವು ಕೇಂದ್ರದ ಕಾನೂನಿಗಿಂತ ಕಟ್ಟುನಿಟ್ಟು.

ಚಾಲಕರ ದಾವೆಗಳು ಸಾಮಾನ್ಯವಾಗಿ ಮೂರು ಬಗೆ. ಮೊದಲನೆಯದು, ‘ನೀನು ನಮ್ಮ ನೌಕರನೇ ಅಲ್ಲ, ಸ್ವತಂತ್ರ ಗುತ್ತಿಗೆದಾರ’ ಎಂದು ಕಂಪನಿ ಹೇಳುವುದು. ಎರಡನೆಯದು, ‘ನೌಕರ ಹೌದು, ಆದರೆ ನಿನ್ನ ಕೆಲಸಕ್ಕೆ ಓವರ್‌ಟೈಮ್ ನಿಯಮ ಅನ್ವಯಿಸದು’ ಎನ್ನುವುದು. ಮೂರನೆಯದು, ಕೂಲಿ ಕೊಟ್ಟರೂ ಪೆಟ್ರೋಲು, ಟಯರು, ರಿಪೇರಿಗಳ ಖರ್ಚನ್ನು ಚಾಲಕನ ಮೇಲೆ ಹೇರಿ, ಕೈಗೆ ಉಳಿಯುವ ಹಣ ಕನಿಷ್ಠ ಕೂಲಿಗಿಂತ ಕೆಳಗಿಳಿಯುವಂತೆ ಮಾಡುವುದು. ಸ್ವಂತ ಕಾರಿನಲ್ಲಿ ಪಿಜ್ಜಾ ತಲುಪಿಸುವವರ ದಾವೆಗಳು ಹೆಚ್ಚಾಗಿ ಈ ಮೂರನೆಯ ಬಗೆಯವು.

ಗುಟ್ಟಿನ ರಾಜಿಗೆ ಬೀಗ

‘ಗೆದ್ದವನು ಸೋತ, ಸೋತವನು ಸತ್ತ’ ಎಂಬುದು ಕೋರ್ಟು ಕಚೇರಿ ಅಲೆದ ನಮ್ಮ ಹಿರಿಯರ ಮಾತು. ಹಾಗಿರುವಾಗ ಮಾಲೀಕ ಮತ್ತು ನೌಕರ ತಾವೇ ಕುಳಿತು ಮಾತಾಡಿ ಮುಗಿಸಿಕೊಂಡರೆ ತಪ್ಪೇನು ಎಂದು ಕೇಳಬಹುದು. ಬೇರೆ ವ್ಯಾಜ್ಯಗಳಲ್ಲಿ ತಪ್ಪಿಲ್ಲ. ಆದರೆ ಕೂಲಿಯ ವಿಷಯದಲ್ಲಿ ಅಮೆರಿಕದ ಕಾನೂನು ಬಹಳ ಕಾಲದಿಂದ ಅನುಮಾನದ ಕಣ್ಣಿನಿಂದ ನೋಡಿದೆ.

1945ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಮುಂದೆ ಬ್ರೂಕ್ಲಿನ್‌ನ ಒಂದು ಬ್ಯಾಂಕಿನ ರಾತ್ರಿ ಕಾವಲುಗಾರನ ಪ್ರಕರಣ ಬಂತು. ಬ್ಯಾಂಕು ಅವನ ಓವರ್‌ಟೈಮ್ ಬಾಕಿಯನ್ನು ಕೊಟ್ಟು, ಇನ್ನೇನೂ ಕೇಳುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡಿತ್ತು. ಕಾವಲುಗಾರ ಆಮೇಲೆ ಕಾಯ್ದೆ ಹೇಳುವ ಎರಡನೆಯ ಪಾಲನ್ನು, ಅಂದರೆ ಪರಿಹಾರದ ಮೊತ್ತವನ್ನು ಕೇಳಿದ. ಸಹಿ ಮಾಡಿದ ಕಾಗದಕ್ಕೆ ಬೆಲೆಯಿಲ್ಲ ಎಂದಿತು ಕೋರ್ಟು. ಕಾಯ್ದೆ ಇರುವುದೇ ಚೌಕಾಸಿ ಮಾಡುವ ಶಕ್ತಿ ಇಲ್ಲದವರಿಗಾಗಿ. ಆ ಹಕ್ಕನ್ನೇ ಚೌಕಾಸಿಗೆ ಒಡ್ಡಿದರೆ ಕಾಯ್ದೆಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಅದರ ತರ್ಕ.

1982ರ ಲಿನ್ಸ್ ಫುಡ್ ಸ್ಟೋರ್ಸ್ ಪ್ರಕರಣ ಇನ್ನೂ ಕಣ್ಣು ತೆರೆಸುವಂಥದು. ಕಂಪನಿ ತನ್ನ ನೌಕರರಿಗೆ ಸುಮಾರು 10,000 ಡಾಲರ್ ಬಾಕಿ ಇದೆ ಎಂದು ಕಾರ್ಮಿಕ ಇಲಾಖೆ ಲೆಕ್ಕ ಹಾಕಿತ್ತು. ಕಂಪನಿ 14 ನೌಕರರನ್ನು ನೇರವಾಗಿ ಕಂಡು, ಎಲ್ಲರಿಗೂ ಸೇರಿ 1,000 ಡಾಲರ್ ಹಂಚಿ ಸಹಿ ಪಡೆಯಿತು. ಇಲಾಖೆ ತಮ್ಮ ಪರವಾಗಿ ಲೆಕ್ಕ ಹಾಕಿದೆ ಎಂಬುದೇ ಆ ನೌಕರರಿಗೆ ತಿಳಿದಂತಿರಲಿಲ್ಲ. ಕೆಲವರಿಗೆ ಇಂಗ್ಲಿಷೂ ಬರುತ್ತಿರಲಿಲ್ಲ. ಮೇಲ್ಮನವಿ ನ್ಯಾಯಾಲಯ ಈ ರಾಜಿಯನ್ನು ತಳ್ಳಿಹಾಕಿತು. ಕಾರ್ಮಿಕ ಇಲಾಖೆಯ ಮೇಲ್ವಿಚಾರಣೆಯಲ್ಲಿ ಆಗಬೇಕು, ಇಲ್ಲವೇ ನ್ಯಾಯಾಧೀಶರು ಓದಿ ನೋಡಿ ಒಪ್ಪಬೇಕು ಎಂದು ಅದು ಹೇಳಿತು. ಎಲ್ಲ ನ್ಯಾಯಾಲಯಗಳೂ ಇದನ್ನು ಒಂದೇ ಬಿಗಿಯಲ್ಲಿ ಪಾಲಿಸುವುದಿಲ್ಲ. ಆದರೂ ಕೂಲಿಯ ರಾಜಿಗೆ ಮೂರನೆಯವರ ಕಣ್ಣು ಬೇಕು ಎಂಬ ತತ್ವ ಅಲ್ಲಿಂದ ಬಲವಾಗಿ ಬೇರೂರಿತು.

ಬಿಳಿ ವ್ಯಾನಿನ ‘ಮಾಲೀಕರು’

ಚಾಲಕರ ದಾವೆಗಳಲ್ಲಿ ಬಹು ದೊಡ್ಡದು ಫೆಡೆಕ್ಸ್ ಗ್ರೌಂಡ್ ಕಂಪನಿಯದು. 1985ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ರೋಡ್‌ವೇ ಪ್ಯಾಕೇಜ್ ಸಿಸ್ಟಮ್ ಎಂಬ ಪಾರ್ಸೆಲ್ ಕಂಪನಿ ಆರಂಭವಾಯಿತು. 1998ರಲ್ಲಿ ಫೆಡೆಕ್ಸ್ ಅದನ್ನು ಕೊಂಡುಕೊಂಡಿತು. 2000ದಲ್ಲಿ ಫೆಡೆಕ್ಸ್ ಗ್ರೌಂಡ್ ಎಂದು ಹೆಸರಿಟ್ಟಿತು. ಇದರ ಪ್ರತಿಸ್ಪರ್ಧಿ ಯುಪಿಎಸ್ ಕಂಪನಿಯ ಚಾಲಕರು ಸಂಘಟಿತ ನೌಕರರು. 1997ರಲ್ಲಿ ಆ ಕಂಪನಿಯ ಸುಮಾರು 1,85,000 ಮಂದಿ 15 ದಿನ ಮುಷ್ಕರ ಹೂಡಿದ್ದರು. ಫೆಡೆಕ್ಸ್ ಗ್ರೌಂಡ್ ಹಿಡಿದ ದಾರಿ ಬೇರೆ. ಅದರ ಚಾಲಕರು ಕಾಗದದ ಮೇಲೆ ನೌಕರರೇ ಅಲ್ಲ. ಒಬ್ಬೊಬ್ಬರೂ ಸ್ವತಂತ್ರ ವ್ಯಾಪಾರಿ.

ಈ ವ್ಯಾಪಾರಿ ವ್ಯಾನನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕು. ಪೆಟ್ರೋಲು, ವಿಮೆ, ರಿಪೇರಿ ಅವನದೇ. ಆದರೆ ವ್ಯಾನಿಗೆ ಯಾವ ಬಿಳಿ ಬಣ್ಣ ಬಳಿಯಬೇಕು, ಒಳಗೆ ಸಾಮಾನಿನ ಹಲಗೆಗಳು ಹೇಗಿರಬೇಕು ಎಂದು ಹೇಳುವುದು ಕಂಪನಿ. ಟೋಪಿಯಿಂದ ಕಾಲುಚೀಲದವರೆಗೆ ಸಮವಸ್ತ್ರ ಕಂಪನಿ ಹೇಳಿದ್ದು. ವರ್ಷಕ್ಕೆ ನಾಲ್ಕು ಬಾರಿಯವರೆಗೆ ಮ್ಯಾನೇಜರ್ ಪಕ್ಕದಲ್ಲಿ ಕುಳಿತು, ಅವನು ಕೈಗಾಡಿ ಬಳಸುವ ರೀತಿ, ವ್ಯಾನಿನ ಬೀಗದ ಕೈಯನ್ನು ಕಿರುಬೆರಳಿಗೆ ಸಿಕ್ಕಿಸಿಕೊಳ್ಳುವ ರೀತಿಯನ್ನೂ ಗುರುತು ಹಾಕಿಕೊಳ್ಳಬಹುದಿತ್ತು. ದಿನಕ್ಕೆ ಒಂಬತ್ತೂವರೆಯಿಂದ 11 ಗಂಟೆಯ ಕೆಲಸ ಬೀಳುವಂತೆ ಪಾರ್ಸೆಲ್‌ಗಳ ಹಂಚಿಕೆ ನಡೆಯುತ್ತಿತ್ತು. ಇಷ್ಟಾದರೂ ಓವರ್‌ಟೈಮ್ ಇಲ್ಲ, ಏಕೆಂದರೆ ಅವನು ‘ಮಾಲೀಕ’.

ಕಂಪನಿಯ ವಾದದಲ್ಲೂ ಹುರುಳಿಲ್ಲದೆ ಇರಲಿಲ್ಲ. ಚಾಲಕ ತನ್ನ ಮಾರ್ಗವನ್ನು ಮಾರಬಹುದಿತ್ತು, ಒಪ್ಪಿಗೆ ಪಡೆದು ಇನ್ನೊಂದು ಮಾರ್ಗ ಹಿಡಿಯಬಹುದಿತ್ತು, ಸಹಾಯಕರನ್ನು ಇಟ್ಟುಕೊಳ್ಳಬಹುದಿತ್ತು. ಇವೆಲ್ಲ ವ್ಯಾಪಾರಿಯ ಲಕ್ಷಣಗಳು ಎಂದು ಕಂಪನಿ ಹೇಳಿತು. ಹಲವು ರಾಜ್ಯಗಳ ದಾವೆಗಳನ್ನು 2005ರಿಂದ ಇಂಡಿಯಾನದ ಒಂದೇ ನ್ಯಾಯಾಲಯಕ್ಕೆ ಒಟ್ಟುಗೂಡಿಸಲಾಗಿತ್ತು. 2010ರಲ್ಲಿ ಅಲ್ಲಿನ ನ್ಯಾಯಾಧೀಶರು ಬಹುಮಟ್ಟಿಗೆ ಕಂಪನಿಯ ಮಾತನ್ನೇ ಒಪ್ಪಿದರು.

ಕ್ಯಾಲಿಫೋರ್ನಿಯದಲ್ಲಿ ಇದಕ್ಕೊಂದು ಹಳೆಯ ಅಳತೆಗೋಲು ಇತ್ತು. ಅದು ಬಂದದ್ದು ಸೌತೆಕಾಯಿ ಹೊಲದಿಂದ. ಕೊಯ್ಲಿನವರನ್ನು ಕೂಲಿಗಳೆನ್ನದೆ, ನಮ್ಮ ಕೋರಿನವರಂತೆ ಬೆಳೆಯಲ್ಲಿ ‘ಪಾಲುದಾರರು’ ಎಂದು ಬರೆಸಿಕೊಂಡಿದ್ದ ಬೊರೆಲ್ಲೊ ಎಂಬ ಕೃಷಿ ಸಂಸ್ಥೆಯ ಪ್ರಕರಣದಲ್ಲಿ, ಆ ರಾಜ್ಯದ ಸುಪ್ರೀಂ ಕೋರ್ಟ್ 1989ರಲ್ಲಿ ಹೆಸರಿಗೆ ಮಾರುಹೋಗಲಿಲ್ಲ. ಕೆಲಸದ ಮೇಲೆ ಹಿಡಿತ ಯಾರದು, ಬಂಡವಾಳ ಯಾರದು, ಕೆಲಸ ಮಾಲೀಕನ ವ್ಯವಹಾರದ ಭಾಗವೇ ಎಂದು ನೋಡಬೇಕು ಎಂದು ಅದು ಹೇಳಿತ್ತು.

ಅದೇ ಅಳತೆಗೋಲನ್ನು 2014ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬಿಳಿ ವ್ಯಾನಿಗೆ ಹಿಡಿಯಿತು. ಕ್ಯಾಲಿಫೋರ್ನಿಯದ ಚಾಲಕರು ನೌಕರರೇ ಎಂದು ತೀರ್ಪಾಯಿತು. ನ್ಯಾಯಮೂರ್ತಿ ಸ್ಟೀಫನ್ ಟ್ರಾಟ್ ಪ್ರತ್ಯೇಕ ಟಿಪ್ಪಣಿಯಲ್ಲಿ ಅಬ್ರಹಾಂ ಲಿಂಕನ್ ಅವರ ಹೆಸರಿನಲ್ಲಿರುವ ಒಂದು ಒಗಟನ್ನು ನೆನಪಿಸಿದರು. ನಾಯಿಯ ಬಾಲವನ್ನು ಕಾಲು ಎಂದು ಕರೆದರೆ ನಾಯಿಗೆ ಎಷ್ಟು ಕಾಲು? ಉತ್ತರ ನಾಲ್ಕೇ, ಏಕೆಂದರೆ ಕರೆದ ಮಾತ್ರಕ್ಕೆ ಬಾಲ ಕಾಲಾಗುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕ್ಯಾನ್ಸಸ್ ರಾಜ್ಯದ ಸುಪ್ರೀಂ ಕೋರ್ಟೂ ತನ್ನ ರಾಜ್ಯದ ಕಾನೂನಿನಂತೆ ಇಂಥ ಚಾಲಕರು ನೌಕರರೇ ಎಂದಿತು.

ಗೆದ್ದ ಮೇಲೂ ರಾಜಿ ಏಕೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚಾಲಕರು ಗೆದ್ದರಲ್ಲ, ಮತ್ತೆ ರಾಜಿ ಏಕೆ? ಅವರು ಗೆದ್ದದ್ದು ‘ನೌಕರರು ಹೌದು’ ಎಂಬ ಪ್ರಶ್ನೆಯನ್ನು ಮಾತ್ರ. ಯಾರಿಗೆ ಎಷ್ಟು ಗಂಟೆಯ ಬಾಕಿ, ಯಾವ ವರ್ಷ ಎಷ್ಟು ಪೆಟ್ರೋಲು ಸುಟ್ಟಿತು, ಎಷ್ಟು ದಿನ ಊಟದ ಬಿಡುವು ಸಿಗಲಿಲ್ಲ ಎಂಬುದನ್ನು ಇನ್ನೂ ಸಾಬೀತು ಮಾಡಬೇಕಿತ್ತು. ಮಾಲೀಕ ದಾಖಲೆ ಇಡದಿದ್ದರೆ ನೌಕರ ಸಮಂಜಸ ಅಂದಾಜಿನಿಂದ ತೋರಿಸಬಹುದು ಎಂದು 1946ರಲ್ಲಿ ಮಿಷಿಗನ್‌ನ ಒಂದು ಕುಂಬಾರಿಕೆ ಕಾರ್ಖಾನೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಸಾವಿರಾರು ಜನರ ಲೆಕ್ಕ ಬಿಡಿಸುವುದು ವರ್ಷಗಟ್ಟಲೆಯ ಕೆಲಸ. ಅದರ ಮೇಲೆ ಮತ್ತೆ ಮೇಲ್ಮನವಿ. ದಾವೆ ಹೂಡಿ ಹತ್ತು ವರ್ಷವಾಗಿತ್ತು. ಚಾಲಕರಲ್ಲಿ ಹಲವರು ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು.

ಕಂಪನಿಗೂ ಭಯವಿತ್ತು. ತೀರ್ಪು ತನ್ನ ಕೈಯಲ್ಲಿಲ್ಲ, ರಾಜಿಯ ಮೊತ್ತ ಕೈಯಲ್ಲಿದೆ. ರಾಜಿಯಲ್ಲಿ ‘ನಾವು ತಪ್ಪು ಒಪ್ಪಿಕೊಂಡಿಲ್ಲ’ ಎಂದೂ ಬರೆಸಬಹುದು. ಹೀಗೆ 2015ರ ಜೂನ್‌ನಲ್ಲಿ 22 ಕೋಟಿ 80 ಲಕ್ಷ ಡಾಲರಿನ ರಾಜಿ ಪ್ರಕಟವಾಯಿತು. ಅದು 2000ದಿಂದ 2007ರವರೆಗೆ ದುಡಿದ ಸುಮಾರು 2,300 ಚಾಲಕರಿಗೆ ಸಂಬಂಧಿಸಿದ್ದು. ವಕೀಲರ ಶುಲ್ಕ ಕಳೆಯುವ ಮುನ್ನ ಭಾಗಿಸಿದರೆ ತಲೆಗೆ ಲಕ್ಷ ಡಾಲರಿಗೆ ಹತ್ತಿರ.

ಒಂದು ವರ್ಷದ ನಂತರ, 2016ರ ಜೂನ್‌ನಲ್ಲಿ, 20 ರಾಜ್ಯಗಳ ಸುಮಾರು 12,000 ಚಾಲಕರ ದಾವೆಗಳು 24 ಕೋಟಿ ಡಾಲರಿಗೆ ರಾಜಿಯಾದವು. ಭಾಗಿಸಿದರೆ ಇಲ್ಲಿ ತಲೆಗೆ ಸುಮಾರು 20,000 ಡಾಲರ್. ಕಂಪನಿ ಅದೇ, ಕೆಲಸ ಅದೇ, ಆದರೆ ಸರಾಸರಿಯಲ್ಲಿ ಐದು ಪಟ್ಟು ಅಂತರ. ಇದಕ್ಕೆ ಕಾರಣಗಳು ಒಂದೆರಡಲ್ಲ. ದುಡಿದ ಅವಧಿಗಳು ಬೇರೆ, ದಾವೆಗಳ ಹಂತ ಬೇರೆ. ಮುಖ್ಯವಾಗಿ, ಕ್ಯಾಲಿಫೋರ್ನಿಯದ ಕಾನೂನು ಕೆಲಸಕ್ಕಾಗಿ ಮಾಡಿದ ಖರ್ಚನ್ನು ಮಾಲೀಕನೇ ಭರಿಸಬೇಕು ಎನ್ನುತ್ತದೆ, ಊಟದ ಬಿಡುವಿಗೂ ಲೆಕ್ಕವಿಡುತ್ತದೆ. ಜೊತೆಗೆ ಅಲ್ಲಿನ ಚಾಲಕರ ಕೈಯಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪಿತ್ತು. ರಾಜಿಯ ಮೇಜಿನಲ್ಲಿ ಮೊತ್ತವನ್ನು ನಿರ್ಧರಿಸುವುದು ಅನ್ಯಾಯದ ಪ್ರಮಾಣವೊಂದೇ ಅಲ್ಲ. ನಾಳೆ ನ್ಯಾಯಾಲಯದಲ್ಲಿ ಸೋಲುವ ಭಯ ಯಾರಿಗೆ ಎಷ್ಟಿದೆ ಎಂಬುದೂ ಸೇರಿ ನಿರ್ಧರಿಸುತ್ತದೆ.

ಹಣ ಬಂತು. ‘ಚಾಲಕ ಯಾರ ನೌಕರ’ ಎಂಬ ಪ್ರಶ್ನೆ ಏನಾಯಿತು? ಕಂಪನಿ ಅಷ್ಟು ಹೊತ್ತಿಗೆ ತನ್ನ ವ್ಯವಸ್ಥೆಯನ್ನೇ ಬದಲಿಸಿತ್ತು. 2011ರಿಂದ ಅದು ಬಿಡಿ ಚಾಲಕರ ಬದಲು ನೋಂದಾಯಿತ ಸಣ್ಣ ಸಂಸ್ಥೆಗಳ ಜೊತೆ ಮಾತ್ರ ಕರಾರು ಮಾಡಿಕೊಳ್ಳತೊಡಗಿತು. ಚಾಲಕರು ಆ ಸಣ್ಣ ಸಂಸ್ಥೆಗಳ ನೌಕರರಾದರು. ಕೂಲಿ ಕೊಡುವ ಹೊಣೆ ಈಗ ಒಬ್ಬರಿಗೆ ಸಿಕ್ಕಿತು, ಆದರೆ ಆ ಒಬ್ಬರು ದೊಡ್ಡ ಕಂಪನಿಯಲ್ಲ. ರಾಜಿ ಹಳೆಯ ಬಾಕಿಯನ್ನು ತೀರಿಸಿತು. ಪ್ರಶ್ನೆ ಮಾತ್ರ ಒಂದು ಮೆಟ್ಟಿಲು ಕೆಳಗಿಳಿದು ಕುಳಿತಿತು.

ರಾಜಿಯ ಹಣ ಹಂಚುವುದು ಹೇಗೆ?

ಸಾವಿರಾರು ಜನರ ರಾಜಿ ನಡೆಯುವ ಕ್ರಮವನ್ನು ಇಲ್ಲಿ ತಿಳಿಯುವುದು ಒಳ್ಳೆಯದು. ಸಾಮೂಹಿಕ ದಾವೆಯಲ್ಲಿ ಕೆಲವೇ ಚಾಲಕರು ಎಲ್ಲರ ಪರವಾಗಿ ನಿಲ್ಲುತ್ತಾರೆ. ಕೇಂದ್ರದ 1938ರ ಕಾಯ್ದೆಯಡಿ ಪ್ರತಿ ನೌಕರನೂ ‘ನಾನೂ ಸೇರುತ್ತೇನೆ’ ಎಂದು ಬರೆದುಕೊಡಬೇಕು; ಬರೆಯದವನು ಹೊರಗೆ. ರಾಜ್ಯದ ಕಾನೂನುಗಳಡಿಯ ಸಾಮೂಹಿಕ ದಾವೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ತಿರುವುಮುರುವು. ‘ನಾನು ಬೇಡ’ ಎಂದು ಬರೆಯದವರೆಲ್ಲ ಒಳಗೆ. ಮಾಲೀಕನಿಗೆ ಹೆದರುವ, ವಿಳಾಸ ಬದಲಾದ, ಇಂಗ್ಲಿಷ್ ಓದಲಾರದ ಚಾಲಕರಿಗೆ ಇವೆರಡರ ನಡುವಿನ ಅಂತರ ಬಹಳ ದೊಡ್ಡದು.

ಎರಡೂ ಕಡೆಯ ವಕೀಲರು ಒಪ್ಪಿದ ಕರಡನ್ನು ನ್ಯಾಯಾಧೀಶರು ಮೊದಲು ಮೇಲ್ನೋಟಕ್ಕೆ ಪರಿಶೀಲಿಸುತ್ತಾರೆ. ನಂತರ ಎಲ್ಲ ಚಾಲಕರಿಗೂ ನೋಟಿಸು ಹೋಗುತ್ತದೆ. ಆಕ್ಷೇಪಣೆ ಇದ್ದವರು ಹೇಳಬಹುದು. ಆಮೇಲೆ ಅಂತಿಮ ವಿಚಾರಣೆ. ರಾಜಿ ನ್ಯಾಯಯುತವೇ, ಸಮಂಜಸವೇ, ಸಾಕಷ್ಟಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ನ್ಯಾಯಾಧೀಶರಿಗೆ ಉತ್ತರ ಸಿಗಬೇಕು. ಒಪ್ಪಿದ ಮೊತ್ತದಿಂದ ವಕೀಲರ ಶುಲ್ಕ, ಹಂಚುವ ಖರ್ಚು, ಮುಂದೆ ನಿಂತ ಚಾಲಕರಿಗೆ ಒಂದಿಷ್ಟು ಹೆಚ್ಚಿನ ಹಣ ಕಳೆದು, ಉಳಿದದ್ದನ್ನು ದುಡಿದ ವಾರಗಳ ಅಥವಾ ಓಡಿಸಿದ ದೂರದ ಲೆಕ್ಕದಲ್ಲಿ ಹಂಚುತ್ತಾರೆ. ಚೆಕ್ಕಿನ ಜೊತೆಗೇ ಬರುವ ಷರತ್ತು ಒಂದೇ: ಆ ಅವಧಿಯ ಬಾಕಿಯ ಬಗ್ಗೆ ಇನ್ನು ಮುಂದೆ ಮಾತೆತ್ತುವಂತಿಲ್ಲ.

ಒಂದು ಅಲ್ಪವಿರಾಮದ ಬೆಲೆ

ಎರಡನೆಯ ಬಗೆಯ ದಾವೆಗೆ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡಿನ ಓಕ್‌ಹರ್ಸ್ಟ್ ಡೇರಿಯ ಹಾಲಿನ ಚಾಲಕರ ಪ್ರಕರಣ ಉದಾಹರಣೆ. ಇವರು ನೌಕರರೆಂಬುದರಲ್ಲಿ ತಕರಾರಿರಲಿಲ್ಲ. ಆದರೆ ಆ ರಾಜ್ಯದ ಓವರ್‌ಟೈಮ್ ಕಾನೂನು, ಬೇಗ ಕೆಡುವ ಆಹಾರಕ್ಕೆ ಸಂಬಂಧಿಸಿದ ಕೆಲವು ಕೆಲಸಗಳಿಗೆ ಅನ್ವಯಿಸುತ್ತಿರಲಿಲ್ಲ. ಆ ಕೆಲಸಗಳ ಪಟ್ಟಿಯಲ್ಲಿ ಡಬ್ಬಿಗೆ ತುಂಬುವುದು, ಸಂಸ್ಕರಿಸುವುದು, ಒಣಗಿಸುವುದು, ದಾಸ್ತಾನು ಮಾಡುವುದು ಮೊದಲಾದವು ಬಂದು, ಕೊನೆಗೆ ಸಾಗಣೆ ಮತ್ತು ಹಂಚಿಕೆಯ ಮಾತು ಬರುತ್ತಿತ್ತು.

ಜಗಳ ಆ ಕೊನೆಯ ಮಾತಿನದು. ‘ಸಾಗಣೆಗಾಗಿ ಪ್ಯಾಕ್ ಮಾಡುವುದು, ಅಥವಾ ಹಂಚುವುದು’ ಎಂದು ಓದಿದರೆ ಹಂಚುವುದು ಬೇರೆಯೇ ಕೆಲಸ. ಆಗ ಹಾಲು ಹಂಚುವ ಚಾಲಕನಿಗೆ ಓವರ್‌ಟೈಮ್ ಇಲ್ಲ. ‘ಸಾಗಣೆಗಾಗಿ ಅಥವಾ ಹಂಚಿಕೆಗಾಗಿ ಪ್ಯಾಕ್ ಮಾಡುವುದು’ ಎಂದು ಓದಿದರೆ ಅಲ್ಲಿರುವುದು ಪ್ಯಾಕ್ ಮಾಡುವ ಕೆಲಸ ಮಾತ್ರ. ಚಾಲಕರು ಪ್ಯಾಕ್ ಮಾಡುವವರಲ್ಲ, ಆದ್ದರಿಂದ ಅವರಿಗೆ ಓವರ್‌ಟೈಮ್ ಇದೆ. ಇಂಗ್ಲಿಷ್ ಪಠ್ಯದಲ್ಲಿ ‘ಅಥವಾ’ ಎಂಬುದರ ಹಿಂದೆ ಅಲ್ಪವಿರಾಮ ಇರಲಿಲ್ಲ. ಇದ್ದಿದ್ದರೆ ಮೊದಲನೆಯ ಓದು ಗಟ್ಟಿಯಾಗುತ್ತಿತ್ತು.

ಕೆಳ ನ್ಯಾಯಾಲಯ ಡೇರಿಯ ಪರ ನಿಂತಿತು. 2017ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿ ಡೇವಿಡ್ ಬ್ಯಾರನ್ ಅದನ್ನು ತಿರುಗಿಸಿದರು. ಮಾತು ಎರಡು ಅರ್ಥ ಕೊಡುತ್ತಿದೆ, ಕಾನೂನಿನ ಉದ್ದೇಶ ದುಡಿಯುವವರ ರಕ್ಷಣೆ, ಆದ್ದರಿಂದ ಅವರ ಕಡೆಗಿನ ಅರ್ಥವನ್ನೇ ಹಿಡಿಯಬೇಕು ಎಂದರು. ದಾವೆ ಮತ್ತೆ ಕೆಳಗೆ ಹೋಗಿ, 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಈ ನಡುವೆ ರಾಜ್ಯದ ಶಾಸನಸಭೆ ಪಟ್ಟಿಯನ್ನು ತಿದ್ದಿ, ಅಲ್ಪವಿರಾಮದ ಬದಲು ಅರ್ಧವಿರಾಮ ಹಾಕಿ, ಹಂಚುವ ಕೆಲಸವೂ ವಿನಾಯಿತಿಯೊಳಗೆ ಸ್ಪಷ್ಟವಾಗಿ ಬರುವಂತೆ ಮಾಡಿತು. ಹಳೆಯ ಬಾಕಿ ಚಾಲಕರಿಗೆ ಬಂತು, ಮುಂದಿನ ಹಕ್ಕು ಹೋಯಿತು. ವ್ಯಾಕರಣದ ಸ್ವಾರಸ್ಯಕ್ಕಾಗಿ ಜಗತ್ತು ಈ ಪ್ರಕರಣವನ್ನು ನೆನಪಿಟ್ಟುಕೊಂಡಿದೆ. ನಿಜವಾಗಿ ನೆನಪಿಡಬೇಕಾದದ್ದು ಇದರ ಕೊನೆಯ ಭಾಗ.

ಬೇಡವೆಂದ ರಾಜಿ

ನ್ಯಾಯಾಧೀಶರ ಒಪ್ಪಿಗೆ ಬರೀ ಮೊಹರು ಒತ್ತುವ ಕೆಲಸವಲ್ಲ ಎಂಬುದಕ್ಕೆ ಉಬರ್ ಪ್ರಕರಣ ಸಾಕ್ಷಿ. ಇಲ್ಲಿ ಸಾಗುವುದು ಸರಕಲ್ಲ, ಪ್ರಯಾಣಿಕರು. ಪ್ರಶ್ನೆ ಮಾತ್ರ ಅದೇ. 2016ರಲ್ಲಿ ಕ್ಯಾಲಿಫೋರ್ನಿಯ ಮತ್ತು ಮಸಾಚುಸೆಟ್ಸ್‌ನ ಸುಮಾರು 3,85,000 ಚಾಲಕರ ಪರವಾಗಿ 10 ಕೋಟಿ ಡಾಲರ್‌ವರೆಗಿನ ರಾಜಿಯ ಕರಡು ಸಿದ್ಧವಾಯಿತು. ಅದರಲ್ಲಿ 1 ಕೋಟಿ 60 ಲಕ್ಷ, ಕಂಪನಿಯ ಷೇರು ಮುಂದೆ ಮಾರುಕಟ್ಟೆಗೆ ಬಂದು ಬೆಲೆ ಏರಿದರೆ ಮಾತ್ರ. ಫೆಡೆಕ್ಸ್ ಚಾಲಕರ ಕ್ಯಾಲಿಫೋರ್ನಿಯ ರಾಜಿಯನ್ನು ನೋಡಿಕೊಂಡ ಅದೇ ನ್ಯಾಯಾಧೀಶ ಎಡ್ವರ್ಡ್ ಚೆನ್ ಇದನ್ನು ಒಪ್ಪಲಿಲ್ಲ. ರಾಜ್ಯದ ಕಾನೂನಿನಂತೆ ಬರಬಹುದಾದ ದಂಡದ ಮೊತ್ತ 100 ಕೋಟಿ ಡಾಲರನ್ನೂ ಮೀರಬಹುದು ಎಂದು ಸರ್ಕಾರದ ಇಲಾಖೆ ಹೇಳಿತ್ತು. ಕರಡಿನಲ್ಲಿ ಆ ಬಾಬಿಗೆ ಇಟ್ಟದ್ದು 10 ಲಕ್ಷ ಡಾಲರ್.

ಕಥೆ ಅಲ್ಲಿಗೆ ಸುಖಾಂತವಾಗಲಿಲ್ಲ. ಚಾಲಕರು ಕೆಲಸಕ್ಕೆ ಸೇರುವಾಗ ಒಪ್ಪಿದ್ದ ಕರಾರಿನಲ್ಲಿ, ತಕರಾರು ಬಂದರೆ ಕೋರ್ಟಿಗೆ ಹೋಗದೆ ಒಬ್ಬೊಬ್ಬರೇ ಖಾಸಗಿ ಮಧ್ಯಸ್ಥರ ಮುಂದೆ ಹೋಗಬೇಕೆಂಬ ಷರತ್ತಿತ್ತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಷರತ್ತನ್ನು ಎತ್ತಿಹಿಡಿದು ಚಾಲಕರ ಗುಂಪನ್ನೇ ಒಡೆಯಿತು. 2019ರಲ್ಲಿ ಉಳಿದ ಸುಮಾರು 13,600 ಚಾಲಕರಿಗೆ 2 ಕೋಟಿ ಡಾಲರಿನ ರಾಜಿಯಾಯಿತು. ಅವರಿಗೆ ತಲೆಗೆ ಸಿಗುವ ಮೊತ್ತ ಮೊದಲಿನ ಕರಡಿಗಿಂತ ಹೆಚ್ಚೇ. ಗುಂಪಿನಿಂದ ಹೊರಬಿದ್ದ ಲಕ್ಷಾಂತರ ಮಂದಿಗೆ ಆ ರಾಜಿಯಲ್ಲಿ ಪಾಲಿಲ್ಲ. ನ್ಯಾಯಾಧೀಶರು ತಪ್ಪು ಮಾಡಿದರೇ? ಹಾಗೆ ಹೇಳುವುದು ಸುಲಭವಲ್ಲ. ಕಡಿಮೆ ಬೆಲೆಯ ರಾಜಿಯನ್ನು ತಡೆಯುವುದು ಅವರ ಕರ್ತವ್ಯ. ಮುಂದೆ ಬರಲಿರುವ ತೀರ್ಪು ಅವರ ಕೈಯಲ್ಲಿರಲಿಲ್ಲ.

ಮಧ್ಯಸ್ಥಿಕೆಯ ಷರತ್ತು ಕೆಲವೊಮ್ಮೆ ಅದನ್ನು ಬರೆದವರಿಗೇ ತಿರುಗಿದೆ. ಊಟ ತಲುಪಿಸುವ ಡೋರ್‌ಡ್ಯಾಶ್ ಕಂಪನಿಯ ವಿರುದ್ಧ 5,010 ಮಂದಿ ‘ಸರಿ, ಒಬ್ಬೊಬ್ಬರೇ ಬರುತ್ತೇವೆ’ ಎಂದು ಒಟ್ಟಿಗೇ ಅರ್ಜಿ ಹಾಕಿದರು. ಪ್ರತಿ ಅರ್ಜಿಗೂ ಕಂಪನಿ ಕಟ್ಟಬೇಕಾದ ಶುಲ್ಕ 1,900 ಡಾಲರ್; ಒಟ್ಟು ಸುಮಾರು 95 ಲಕ್ಷ. ಕಂಪನಿ ಹಿಂಜರಿದಾಗ, 2020ರ ಫೆಬ್ರವರಿಯಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ‘ನಿಮ್ಮದೇ ಷರತ್ತು, ಪಾಲಿಸಿ’ ಎಂಬರ್ಥದ ಆದೇಶ ಕೊಟ್ಟರು. ರಾಜ್ಯದಿಂದ ರಾಜ್ಯಕ್ಕೆ ಸರಕು ಸಾಗಿಸುವವರಿಗೆ 1925ರ ಮಧ್ಯಸ್ಥಿಕೆ ಕಾಯ್ದೆಯಿಂದಲೇ ವಿನಾಯಿತಿ ಇದೆ. ಗುತ್ತಿಗೆಯ ಲಾರಿ ಚಾಲಕರಿಗೂ ಅದು ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ವಿನಾಯಿತಿ ಪಡೆಯಲು ಸಾರಿಗೆ ಉದ್ಯಮದಲ್ಲೇ ಇರಬೇಕಾಗಿಲ್ಲ ಎಂದು 2024ರಲ್ಲಿ ಬ್ರೆಡ್ ಹಂಚುವವರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಕೋರ್ಟಿನಿಂದ ಶಾಸನಸಭೆಗೆ

ರಾಜಿಗಳು ಬಿಟ್ಟ ಪ್ರಶ್ನೆಗೆ ಕೊನೆಗೂ ನೇರವಾಗಿ ಕೈ ಹಾಕಿದ್ದು ಇನ್ನೊಂದು ಚಾಲಕರ ಪ್ರಕರಣ. ಡೈನಮೆಕ್ಸ್ ಎಂಬ ಬಟವಾಡೆ ಕಂಪನಿ 2004ರಲ್ಲಿ ಖರ್ಚು ಉಳಿಸಲು ತನ್ನ ನೌಕರ ಚಾಲಕರನ್ನೆಲ್ಲ ಗುತ್ತಿಗೆದಾರರನ್ನಾಗಿ ಬದಲಿಸಿತು. ಮರುವರ್ಷ ಹೂಡಿದ ದಾವೆಯಲ್ಲಿ, 2018ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಸುಪ್ರೀಂ ಕೋರ್ಟ್ ಸಾಬೀತಿನ ಹೊರೆಯನ್ನು ಕಂಪನಿಯ ಹೆಗಲಿಗೆ ಹೊರಿಸಿತು. ದುಡಿಯುವವನು ಕಂಪನಿಯ ಹಿಡಿತದಿಂದ ಮುಕ್ತ, ಅವನ ಕೆಲಸ ಕಂಪನಿಯ ಮಾಮೂಲಿ ವ್ಯವಹಾರದ ಹೊರಗಿನದು, ಅವನಿಗೆ ಅದೇ ಬಗೆಯ ತನ್ನದೇ ಉದ್ಯಮವಿದೆ ಎಂಬ ಮೂರನ್ನೂ ಕಂಪನಿ ತೋರಿಸಬೇಕು. ಒಂದು ತಪ್ಪಿದರೂ ಅವನು ನೌಕರ. 2019ರಲ್ಲಿ ಅಲ್ಲಿನ ಶಾಸನಸಭೆ ಇದನ್ನು ಕಾನೂನು ಮಾಡಿತು. ಆ್ಯಪ್ ಕಂಪನಿಗಳು 20 ಕೋಟಿ ಡಾಲರಿಗೂ ಹೆಚ್ಚು ಹಣ ಸುರಿದು 2020ರ ನವೆಂಬರ್‌ನಲ್ಲಿ ಜನಮತ ಗಣನೆಯಲ್ಲಿ ತಮಗೆ ವಿನಾಯಿತಿ ಪಡೆದವು. 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯಡಿ ಚಾಲಕರಿಗೆ ಕನಿಷ್ಠ ಕೂಲಿಯ ಶೇ. 120ರಷ್ಟು ಗಳಿಕೆಯ ಖಾತರಿ ಇದೆ. ಆದರೆ ಅದು ಆರ್ಡರ್ ಹಿಡಿದ ಕ್ಷಣದಿಂದ ತಲುಪಿಸುವವರೆಗಿನ ಹೊತ್ತಿಗೆ ಮಾತ್ರ. ಹೋಟೆಲಿನ ಮುಂದೆ ಮುಂದಿನ ಆರ್ಡರಿಗಾಗಿ ಕಾದ ಹೊತ್ತು ಲೆಕ್ಕಕ್ಕಿಲ್ಲ.

ಈ ಪ್ರಶ್ನೆ ಬೆಂಗಳೂರಿಗೂ ದೂರದ್ದಲ್ಲ. 2020–21ರಲ್ಲಿ ಭಾರತದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು ಎಂದು ನೀತಿ ಆಯೋಗ ಅಂದಾಜು ಮಾಡಿತ್ತು. ರಾಜಸ್ಥಾನ 2023ರಲ್ಲಿ ಇವರಿಗಾಗಿ ಕಾಯ್ದೆ ತಂದಿತು. ಕರ್ನಾಟಕ 2025ರಲ್ಲಿ ತನ್ನ ಕಾಯ್ದೆ ಮಾಡಿತು. ಪ್ರತಿ ಕೆಲಸಕ್ಕೆ ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲು ಮಾಡುವುದು, ಕಲ್ಯಾಣ ಮಂಡಳಿ, ಕೆಲಸದಿಂದ ತೆಗೆಯುವ ಮುನ್ನ ನೋಟಿಸು, ದೂರು ಕೇಳುವ ವ್ಯವಸ್ಥೆ ಇವು ಅದರಲ್ಲಿವೆ. ಇದರ ಗುರಿ ಸಾಮಾಜಿಕ ಭದ್ರತೆ. ಆ್ಯಪ್ ಕಂಪನಿ ಮಾಲೀಕನೇ, ಬೈಕಿನ ಹುಡುಗ ನೌಕರನೇ, ಅವನಿಗೆ ಓಟಿ ಉಂಟೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಅದರ ಕೆಲಸವಲ್ಲ.

ಹಾಗಾದರೆ ರಾಜಿ ಒಳ್ಳೆಯದೇ, ಕೆಟ್ಟದ್ದೇ? ಹತ್ತು ವರ್ಷ ಕಾದ ಚಾಲಕನಿಗೆ ಕೈಗೆ ಬಂದ ಚೆಕ್ಕು ದೊಡ್ಡದು. ತತ್ವಕ್ಕಾಗಿ ಇನ್ನೂ ಹತ್ತು ವರ್ಷ ಕಾಯಿರಿ ಎಂದು ಅವನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ರಾಜಿ ತೀರಿಸುವುದು ಹಿಂದಿನ ಬಾಕಿಯನ್ನು ಮಾತ್ರ. ಅದೇ ಕೆಲಸಕ್ಕೆ ನಾಳೆ ಸೇರುವ ಚಾಲಕನಿಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ತಪ್ಪು ಯಾರದೆಂದು ಕೂಡ ಅದರಲ್ಲಿ ಬರೆದಿರುವುದಿಲ್ಲ. ಅವನಿಗೆ ಬೇಕಾದದ್ದು ತೀರ್ಪು, ಇಲ್ಲವೇ ಸ್ಪಷ್ಟವಾದ ಕಾನೂನು. ಇವೆರಡೂ ಬರುವವರೆಗೆ, ರಾಜಿಯ ಕಾಗದದ ಮೇಲೆ ಸಹಿ ಬೀಳುವ ಮುನ್ನ ಅದನ್ನು ಓದುವ ಮೂರನೆಯವರೊಬ್ಬರು ಇರಬೇಕು. 1,000 ಡಾಲರನ್ನು ಹಂಚಿಕೊಂಡು ಸಹಿ ಹಾಕಿದ ಆ 14 ನೌಕರರ ಕಡೆ ಅಂಥವರು ಯಾರೂ ಇರಲಿಲ್ಲ. ಅವರ ಬಾಕಿ ಉಳಿದದ್ದು ಒಬ್ಬ ನ್ಯಾಯಾಧೀಶರು ಕಾಗದವನ್ನು ಓದಿದ್ದರಿಂದ.